ನೀರು ಕಾಣದ ಕಣಜ

ಊರಿನ ಹೆಸರು ಕೇಳಬೇಡಿ. ಹೇಳಿದರೆ ನಿಮ್ಮ ಕಡೆಯ ನೆಂಟರೊಬ್ಬರು ಅಲ್ಲಿ ಹುಟ್ಟಿಕೊಂಡಾರು, ಆಮೇಲೆ ಮಾತು ಕಹಿಯಾದೀತು. ಮೂರು ಕಡೆ ಕುರುಚಲು ಕಾಡು, ಒಂದು ಕಡೆ ಹೊಲ, ನಡುವೆ ಊರು, ಊರ ನಡುವೆ ಒಂದು ಕಲ್ಲಿನ ಕಣಜ. ಇಷ್ಟು ಗೊತ್ತಾದರೆ ಸಾಕು.

ಕಣಜಕ್ಕೆ ಒಂದೇ ಬಾಗಿಲು. ಬಾಗಿಲಿನ ಮೇಲೆ, ಮೂರಾಳೆತ್ತರದಲ್ಲಿ, ಒಂದೇ ಬೆಳಕಿಂಡಿ. ಊರವರು ಬೆಳೆದ ನವಣೆ, ರಾಗಿ, ಸಜ್ಜೆ ಎಲ್ಲವೂ ಅದರೊಳಗೆ. ವರ್ಷವಿಡೀ ಕಾಳು ತೆಗೆಯುವುದು ಗೋಡೆಯ ಬುಡದ ಕಂಡಿಯಿಂದ. ಒಳಗೆ ಯಾರೂ ಕಾಲಿಡುವುದಿಲ್ಲ. ಅದನ್ನು ಅವರು ಕಣಜ ಎನ್ನುತ್ತಿರಲಿಲ್ಲ, ತಾಯಿಯ ಮನೆ ಎನ್ನುತ್ತಿದ್ದರು. ತಾಯಿ ಅಲ್ಲಿ ಕಾಳಾಗಿ ಮಲಗಿದ್ದಾಳೆ, ಹಸಿದವರಿಗಾಗಿ ಏಳುತ್ತಾಳೆ ಎಂಬುದು ನಂಬಿಕೆ. ನಂಬಿಕೆಯಲ್ಲಿ ತಪ್ಪೇನಿಲ್ಲ. ಅನ್ನವನ್ನು ತಾಯಿ ಎನ್ನದವನು ಇನ್ನು ಯಾವುದನ್ನು ತಾಯಿ ಎಂದಾನು?

ಆದರೆ ಆ ಊರಲ್ಲಿ ಒಂದು ಕಟ್ಟಳೆ ಇತ್ತು. ತಾಯಿಯ ಮನೆಗೆ ನೀರು ಸೋಕಬಾರದು. ಒಂದು ಹನಿಯೂ ಸೋಕಬಾರದು. ವರ್ಷಕ್ಕೊಮ್ಮೆ, ಹಳೆಯ ಕಾಳು ಮುಗಿದು ಹೊಸ ಕಾಳು ಬರುವ ಮುಂಚೆ, ಬಾಗಿಲು ತೆಗೆದು ಒಬ್ಬಳು ಹೆಂಗಸನ್ನು ಒಳಗೆ ಬಿಟ್ಟು ಬಾಗಿಲು ಹಾಕುತ್ತಿದ್ದರು. ಅವಳು ಒಣ ನೆಲವನ್ನು ಒಣ ಪೊರಕೆಯಲ್ಲಿ ಗುಡಿಸಬೇಕು. ಧೂಳು ಏಳಬೇಕು. ಎದ್ದ ಧೂಳು ಬೆಳಕಿಂಡಿಯಿಂದ ಹೊರಗೆ ಬರಬೇಕು. ಆ ಧೂಳಿಗೆ ತಾಯಿಯ ಉಸಿರು ಎಂದು ಹೆಸರು. ಉಸಿರು ಸೂರಿನ ಮಟ್ಟಕ್ಕೆ ನಿಂತರೆ ಆ ವರ್ಷ ಅರ್ಧ ಬೆಳೆ. ಸೂರು ದಾಟಿ ಆಕಾಶಕ್ಕೆ ಏರಿದರೆ ತುಂಬು ಬೆಳೆ. ನೋಡಿ ಹೇಳಲು ಧೂಳು ನೋಡುವ ಅಯ್ಯನೊಬ್ಬನಿದ್ದ. ಅವನಿಗೆ ಮೊದಲು ಅವನ ಅಪ್ಪನಿದ್ದ. ಅಯ್ಯನ ಪಕ್ಕದಲ್ಲಿ ಊರ ಯಜಮಾನ. ಇಬ್ಬರೂ ಕೂರುತ್ತಿದ್ದದ್ದು ಕಣಜದ ಎದುರಿಗೆ, ಮೂಡಣ ದಿಕ್ಕಿನ ಹುಣಸೆಕಟ್ಟೆಯ ಮೇಲೆ.

ಮನೆಯಲ್ಲಿ ನೀರು ಚಿಮುಕಿಸದೆ ಆ ಊರಿನ ಯಾವ ಹೆಂಗಸೂ ಪೊರಕೆ ಹಿಡಿಯುತ್ತಿರಲಿಲ್ಲ. ತಾಯಿಯ ಮನೆಯಲ್ಲಿ ನೀರು ಚಿಮುಕಿಸಿ ಯಾವ ಹೆಂಗಸೂ ಗುಡಿಸುವಂತಿರಲಿಲ್ಲ.

ಕಣಜದೊಳಗೆ ಕುರುಚಲಿನ ಇಲಿಗಳಿದ್ದವು. ಮನೆಯಿಲಿಯಲ್ಲ. ಬಿಳಿ ಹೊಟ್ಟೆಯ, ದೊಡ್ಡ ಕಿವಿಯ ಕಾಡಿಲಿ. ಕಾಡು ಒಣಗಿದಾಗ ಕಲ್ಲಿನ ಸಂದಿಯಿಂದ ನುಗ್ಗಿ, ತಾಯಿಯ ಮಡಿಲಲ್ಲಿ ತಿಂದು, ಅಲ್ಲೇ ಉಚ್ಚೆ ಹೊಯ್ದು, ಅಲ್ಲೇ ಹಿಕ್ಕೆ ಹಾಕಿ, ಅಲ್ಲೇ ಮರಿ ಮಾಡುತ್ತಿದ್ದವು. ಅವಕ್ಕೆ ತಾಯಿಯ ಕಿರಿಮಕ್ಕಳು ಎಂದು ಹೆಸರು. ಓಡಿಸುವಂತಿಲ್ಲ, ಸಂದಿ ಮುಚ್ಚುವಂತಿಲ್ಲ. ಇಲಿಯ ತಪ್ಪೇನೂ ಇಲ್ಲ ಎನ್ನಿ. ಹಸಿದ ಜೀವ ಕಾಳು ಕಂಡಲ್ಲಿಗೆ ಹೋಗುತ್ತದೆ. ಅದರ ಹಿಕ್ಕೆಯನ್ನು ತಾಯಿಯ ಉಸಿರು ಅಂದದ್ದು ಇಲಿಯಲ್ಲ.

ಗುಡಿಸುವವಳನ್ನು ಆರಿಸುತ್ತಿದ್ದದ್ದೂ ಕಿರಿಮಕ್ಕಳೇ. ಗುಡಿಸುವ ದಿನಕ್ಕೆ ಒಂಬತ್ತು ದಿನ ಮುಂಚೆ, ಸಂಜೆ, ಪ್ರತಿ ಮನೆಯವರೂ ಹೊರಗೆ ಒಂದು ಮೊರದಲ್ಲಿ ನವಣೆ ಇಡಬೇಕು. ಬೆಳಗ್ಗೆ ಯಾರ ಮೊರ ಬರಿದಾಗಿದೆಯೋ ಆ ಮನೆಯ ಹೆಂಗಸಿಗೆ ಕರೆ ಬಂದಂತೆ. ಯಜಮಾನನ ಮೊರ, ಅಯ್ಯನ ಮೊರ ಊರ ನಡುವಿನ ಕಲ್ಲುಜಗುಲಿಯ ಮೇಲೆ. ಅಂಚಿನ ಮನೆಗಳವರ ಮೊರ ಬೇಲಿಯ ಬುಡದಲ್ಲಿ. ಎಷ್ಟು ವರ್ಷವಾದರೂ ಕಿರಿಮಕ್ಕಳು ಕಲ್ಲುಜಗುಲಿ ಹತ್ತಲಿಲ್ಲ. "ತಾಯಿಗೆ ಬಡವರ ಮೇಲೇ ಪ್ರೀತಿ ಹೆಚ್ಚು" ಎಂದು ಅಯ್ಯ ಹೇಳುತ್ತಿದ್ದ. ಬಡವರೂ ಹೌದು ಹೌದು ಎಂದು ತಲೆದೂಗುತ್ತಿದ್ದರು.

ಗುಡಿಸಿ ಬಂದವಳು ಎರಡು ವಾರ, ಮೂರು ವಾರ ಚೆನ್ನಾಗಿಯೇ ಇರುತ್ತಿದ್ದಳು. ಆಮೇಲೆ ಕೆಲವರಿಗೆ ಜ್ವರ. ಸೊಂಟ, ತೊಡೆ ಒನಕೆಯಲ್ಲಿ ಕುಟ್ಟಿದ ಹಾಗೆ ನೋವು. ಆಮೇಲೆ ಎದೆಯೊಳಗೆ ನೀರು. ಒಣ ನೆಲದ ಮೇಲೆ, ಒಣ ಚಾಪೆಯ ಮೇಲೆ, ಕೆರೆಗೆ ಬಿದ್ದವಳ ಹಾಗೆ ಬಾಯಿ ಬಿಟ್ಟು ಬಿಟ್ಟು ಮುಳುಗುತ್ತಿದ್ದಳು. "ತಾಯಿ ಉಸಿರು ಕೊಟ್ಟಿದ್ದಳು, ಹಿಂದಕ್ಕೆ ತಗೊಂಡಳು" ಎನ್ನುತ್ತಿದ್ದ ಅಯ್ಯ. ಅವಳ ಹೆಸರಲ್ಲಿ ಕಣಜದ ಹಿಂದೆ ಒಂದು ಕಲ್ಲು ನೆಡುತ್ತಿದ್ದರು. ದಿನವೂ ಆ ಕಲ್ಲಿನ ಮೇಲೆ ಒಂದು ಕೊಡ ನೀರು ಸುರಿಯುತ್ತಿದ್ದರು. ಬದುಕಿದ್ದಾಗ ಬೊಗಸೆ ನೀರಿಲ್ಲ, ಸತ್ತ ಮೇಲೆ ಕೊಡ ಕೊಡ ನೀರು. ಅದನ್ನು ಭಕ್ತಿ ಎಂದುಕೊಂಡು ಊರು ಕೈಮುಗಿಯುತ್ತಿತ್ತು.

ಕಣಜದ ಪೊರಕೆ ಕಟ್ಟುವ ಕೆಲಸ ಅಂಚಿನ ಮನೆಯ ಒಬ್ಬ ಮುದುಕಿಯದು. ಗುಡ್ಡಕ್ಕೆ ಹೋಗಿ ಹಂಚಿಕಡ್ಡಿ ಕೊಯ್ದು, ಬಿಸಿಲಿಗೆ ಒಣಗಿಸಿ, ಒಗೆದ ಬಟ್ಟೆಯುಟ್ಟು, ತಾಯಿಯ ಹೆಸರು ಹೇಳುತ್ತಾ ಮೂರು ಕಟ್ಟು ಹಾಕುತ್ತಿದ್ದಳು. ಅವಳ ಕಟ್ಟು ಬಿಚ್ಚಿದ್ದನ್ನು ಯಾರೂ ಕಂಡಿಲ್ಲ. ಹತ್ತೊಂಬತ್ತು ವರ್ಷ ಹತ್ತೊಂಬತ್ತು ಪೊರಕೆ. ಹೊಸ್ತಿಲಲ್ಲಿ ನಿಂತು ಗುಡಿಸುವವಳ ಕೈಗೆ ಕೊಡುವವಳೂ ಅವಳೇ. ಕೊಟ್ಟ ಮೇಲೆ ಅಯ್ಯ ಒಂದು ಚೂರು ಬೆಲ್ಲ ಕೊಡುತ್ತಿದ್ದ. ಅದನ್ನು ಕಣ್ಣಿಗೊತ್ತಿಕೊಂಡು ತಿನ್ನುತ್ತಿದ್ದಳು. ಹತ್ತೊಂಬತ್ತು ಪೊರಕೆಗೆ ಎಂಟು ಕಲ್ಲು. ಎಂಟರಲ್ಲಿ ಒಂದು ಅವಳ ಸ್ವಂತ ತಂಗಿಯದು. ಆ ವರ್ಷವೂ ಬೆಲ್ಲ ತಿಂದಿದ್ದಳು.

ಮುದುಕಿಗೆ ಇದ್ದದ್ದು ಒಬ್ಬಳೇ ಸೊಸೆ. ಮಗ ಎಂದೋ ಹಾವು ಕಚ್ಚಿ ಹೋಗಿದ್ದ. ಸೊಸೆ ತವರಿಗೂ ಹೋಗಲಿಲ್ಲ, ಇನ್ನೊಂದು ಮದುವೆಯನ್ನೂ ಆಗಲಿಲ್ಲ. "ನಿನ್ನ ಜತೆ ಜಗಳ ಅರ್ಧಕ್ಕೆ ನಿಂತಿದೆ, ಮುಗಿಸಿ ಹೋಗ್ತೀನಿ" ಎಂದು ಹೇಳಿಕೊಂಡೇ ಹನ್ನೆರಡು ವರ್ಷ ಕಳೆದಿದ್ದಳು.

ಆ ವರ್ಷ ಮೊರ ಇಟ್ಟ ಮಾರನೆಯ ಬೆಳಗ್ಗೆ ಸೊಸೆ ಅಂಗಳಕ್ಕೆ ನೀರು ಹಾಕಲು ಬಿಂದಿಗೆ ಹಿಡಿದು ಬಂದವಳು ಬೇಲಿಯ ಹತ್ತಿರ ನಿಂತುಬಿಟ್ಟಳು.

"ಅತ್ತೆ, ನಿನ್ನ ನವಣೆ ಖಾಲಿ."

"ನನ್ನದೇನೇ, ಮೊರ ಇಟ್ಟೋಳು ನೀನು."

"ಬೇಲಿ ಬುಡದಲ್ಲಿಡು ಅಂದೋಳು ನೀನು."

"ಇನ್ನೆಲ್ಲಿ ಇಡ್ತಿದ್ದೆ, ಯಜಮಾನರ ಜಗುಲಿ ಮೇಲಾ?"

ಮುದುಕಿ ಗೋಡೆ ಹಿಡಿದು ಹತ್ತಿರ ಬಂದಳು. ಮೊರದಲ್ಲಿ ಒಂದು ಕಾಳೂ ಇರಲಿಲ್ಲ. ನಾಲ್ಕು ಕರಿ ಹಿಕ್ಕೆ ಇದ್ದವು, ಅಷ್ಟೇ. ಇಬ್ಬರೂ ಅದನ್ನೇ ನೋಡಿದರು.

ಹಲ್ಲು ಉದುರಿದವಳು ಒಳಗೆ ಹೋಗುವಂತಿಲ್ಲ ಎಂಬುದು ಇನ್ನೊಂದು ಕಟ್ಟಳೆ. ಮುದುಕಿಯ ಬಾಯಲ್ಲಿ ಉಳಿದಿದ್ದದ್ದು ಎರಡು.

"ನಾನೂ ಒಂದು ಹಲ್ಲು ಮುರ್ಕೊಂಡ್ರೆ ತಪ್ಪಿಸ್ಕೋಬೋದಾ?" ಎಂದಳು ಸೊಸೆ. ನಗಲು ನೋಡಿದಳು, ನಗು ಬರಲಿಲ್ಲ.

"ಮುರ್ಕೊಂಡ್ರೆ ಕರೆ ಪಕ್ಕದ ಮನೆಯೋಳಿಗೆ ಹೋಗ್ತದೆ. ಅವಳಿಗೂ ಒಬ್ಬಳು ಅತ್ತೆ ಇದ್ದಾಳೆ."

ಸೊಸೆ ಬಿಂದಿಗೆಯ ನೀರನ್ನು ಅಂಗಳಕ್ಕೆ ಚಿಮುಕಿಸಿ ಗುಡಿಸತೊಡಗಿದಳು. ಕಣ್ಣು ಮೊರದ ಕಡೆಗೇ ಇದ್ದುದರಿಂದ ಮೂಲೆಯೊಂದು ಒಣಗಿಯೇ ಉಳಿಯಿತು. ಪೊರಕೆ ಅಲ್ಲಿಗೆ ಹೋದಾಗ ಧೂಳು ಎದ್ದಿತು.

"ನೀರು ಹಾಕೇ ಅಲ್ಲಿಗೆ! ಧೂಳು ಮೂಗಿಗೆ ಹೋಗ್ತದೆ, ಎದೆ ಕಟ್ಟಿಕೊಳ್ತದೆ!" ಎಂದು ಮುದುಕಿ ಗದರಿದಳು.

ದಿನವೂ ಆಡುವ ಮಾತು. ಹನ್ನೆರಡು ವರ್ಷ ಈ ಸೊಸೆಗೆ ಆಡಿದ್ದು, ಅದಕ್ಕೆ ಮುಂಚೆ ತಂಗಿಗೆ ಆಡಿದ್ದು. ಆವತ್ತು ಆಡಿದ ಮೇಲೆ ತೆರೆದ ಬಾಯಿ ತೆರೆದೇ ಉಳಿಯಿತು. ತನ್ನ ಮಾತು ತನ್ನ ಕಿವಿಗೇ ಬಿದ್ದವಳ ಹಾಗೆ ಕೂತುಬಿಟ್ಟಳು. ಅವಳಿಗೆ ಆ ಒದ್ದೆ ವರ್ಷ ನೆನಪಾಯಿತು. ಗುಡಿಸುವ ದಿನಕ್ಕೆ ಎರಡು ದಿನ ಮುಂಚೆ ಅಕಾಲದ ಮಳೆ ಹುಯ್ದು, ಕಣಜದ ಚಪ್ಪಡಿ ಸೋರಿ, ನೆಲವೆಲ್ಲ ಕೆಸರಾಗಿತ್ತು. ಆ ವರ್ಷ ಒಳಗೆ ಹೋದವಳು ಕುಂಬಾರನ ಹೆಂಡತಿ. ಎಷ್ಟು ಗುಡಿಸಿದರೂ ಉಸಿರು ಏಳಲಿಲ್ಲ. ತಾಯಿ ಮುನಿದಳು ಎಂದು ಅವಳನ್ನೂ ಗಂಡನನ್ನೂ ಊರು ಬಿಡಿಸಿದರು. ಆ ವರ್ಷ ಬೆಳೆ ಚೆನ್ನಾಗಿಯೇ ಬಂತು. ಅವಳನ್ನು ಓಡಿಸಿದ್ದಕ್ಕೆ ಬಂತು ಎಂದ ಅಯ್ಯ. ಆರು ವರ್ಷದ ಮೇಲೆ ಮುದುಕಿ ಅವಳನ್ನು ಪರವೂರಿನ ಸಂತೆಯಲ್ಲಿ ಕಂಡಿದ್ದಳು. ಗುಂಡಗುಂಡಗೆ ಆಗಿದ್ದಳು. ಗಡಿಗೆಗಳನ್ನು ಟಣ್ ಟಣ್ ಎಂದು ಬಡಿದು ತೋರಿಸುತ್ತಾ, ಗಿರಾಕಿಗಳ ಜತೆ ಬಾಯಿ ಮಾಡುತ್ತಾ, ಪೊಗದಸ್ತಾಗಿ ಉಸಿರಾಡಿಕೊಂಡಿದ್ದಳು.

ಮುದುಕಿ ಒಲೆಯ ಮುಂದಿನ ದೀಪಕ್ಕೆ ಎಣ್ಣೆ ಹಾಕಿ ಕೈಮುಗಿದಳು. "ಅವ್ವಾ, ನಿನ್ನ ನೆಲಕ್ಕೆ ನೀರು ಬೇಡ ಅಂತ ನೀನೇ ಅಂದಿದ್ದಾ, ಇಲ್ಲಾ ನಿನ್ನ ಹೆಸರಲ್ಲಿ ಯಾರಾದ್ರೂ ಅಂದಿದ್ದಾ?" ದೀಪ ಸುಮ್ಮನೆ ಉರಿಯಿತು. ದೇವರು ಬಾಯಿಬಿಟ್ಟು ಹೇಳುವುದಿಲ್ಲ. ಬುದ್ಧಿ ಕೊಟ್ಟಿರುತ್ತಾನೆ, ಅದೇ ಉತ್ತರ.

ಅವಳು ನೇರ ಹುಣಸೆಕಟ್ಟೆಗೆ ಹೋದಳು. ಯಜಮಾನನೂ ಅಯ್ಯನೂ ಎಲೆ ಅಡಿಕೆ ಹಾಕುತ್ತಿದ್ದರು.

"ಯಜಮಾನ್ರೆ, ಒಂದು ಕೊಡ ನೀರು ಕೇಳಕ್ಕೆ ಬಂದೆ."

"ನೀರಿಗೇನಜ್ಜಿ ಬರ? ಸೇದೋ ಬಾವಿ ಅಲ್ಲೇ ಅದೆ."

"ಕುಡಿಯಕ್ಕಲ್ಲ. ಕಣಜದ ನೆಲಕ್ಕೆ."

ಯಜಮಾನನ ಕೈಯಲ್ಲಿದ್ದ ಎಲೆ ಕೈಯಲ್ಲೇ ಉಳಿಯಿತು. ಅಯ್ಯ ನಕ್ಕ. "ವಯಸ್ಸಾಯ್ತು ಅಜ್ಜಿಗೆ. ಕರೆ ಬಂದಿರೋದು ಸೊಸೆಗಲ್ವಾ? ಕರುಳು ಕಣ್ಣಿಗೆ ಬಂದದೆ."

"ನಿಮ್ಮನೇಲಿ ನೀರು ಚಿಮುಕಿಸ್ದೆ ಗುಡಿಸ್ತಾರಾ ಅಯ್ನೋರೆ?"

"ಅದು ಮನೆ. ಇದು ತಾಯಿಯ ಮನೆ. ಕಾಳು ನೆಂದು ಮೊಳಕೆ ಒಡೆದ್ರೆ ಊರು ಏನು ತಿನ್ತದೆ?"

"ಆವತ್ತು ಕಾಳೆಲ್ಲಿರ್ತದೆ? ಎಲ್ಲಾ ಮುಗಿದ ಮೇಲಲ್ವಾ ಗುಡಿಸೋದು? ಹೊಸ ಕಾಳು ಬರೋ ಹೊತ್ತಿಗೆ ನೆಲ ಒಣಗಿರ್ತದೆ. ಎಂಟು ಜನ ಸತ್ರು ಅಯ್ನೋರೆ. ಎಂಟೂ ಜನ ಧೂಳು ಕುಡಿದು ಸತ್ರು."

"ಹನ್ನೊಂದು ಜನ ಬದುಕಿದಾರಲ್ಲ!" ಅಯ್ಯ ಧ್ವನಿ ಏರಿಸಿದ. "ಅವರು ಕುಡಿದದ್ದು ಧೂಳಲ್ವಾ? ಶುದ್ಧವಾಗಿದ್ದೋರು ಬದುಕಿದ್ರು. ಸತ್ತೋರು ಏನೋ ಒಂದು ಮೈಲಿಗೆ ಒಳಗೆ ಹೊತ್ಕೊಂಡು ಹೋಗಿದ್ರು."

"ಅದರಲ್ಲಿ ಒಬ್ಬಳು ನನ್ನ ತಂಗಿ. ಅವಳ ಮೈಲಿಗೆ ಏನು ಅಂತ ಹೇಳಿ. ಈಗ್ಲೇ ಹೇಳಿ, ನನ್ನ ಮುಖ ನೋಡ್ಕೊಂಡು."

ಅಯ್ಯ ಉಗುಳಲು ಆ ಕಡೆ ತಿರುಗಿದ. ಯಜಮಾನ ನಿಧಾನವಾಗಿ ಎಲೆಗೆ ಸುಣ್ಣ ಸವರಿದ.

"ನೋಡಜ್ಜಿ. ನಿನ್ನ ಕೈ ಪೊರಕೆಗೆ ಊರೇ ಕೈಮುಗೀತದೆ. ಆ ಮರ್ಯಾದೆ ಉಳಿಸ್ಕೋ. ತಾಯಿ ಮನೆಗೆ ನೀರು ಒಯ್ದೋರ ಒಲೆ ಆರಿಸ್ತೀವಿ, ಗೊತ್ತಲ್ಲ?"

ಒಲೆ ಆರಿಸುವುದು ಎಂದರೆ ಆ ಊರಿನ ಕಡೆಯ ಶಿಕ್ಷೆ. ಯಾರೂ ಬೆಂಕಿ ಕೊಡುವುದಿಲ್ಲ, ಮಾತು ಕೊಡುವುದಿಲ್ಲ, ಕಂಡಿಯ ಕಾಳು ಕೊಡುವುದಿಲ್ಲ. ಕುಂಬಾರನ ಮನೆಗೆ ಆದದ್ದೂ ಅದೇ.

ಮುದುಕಿ ಮನೆಗೆ ಬಂದು ಪೊರಕೆ ಕಟ್ಟಲು ಕೂತಳು. ಅವಳು ಕಟ್ಟದಿದ್ದರೆ ಇನ್ನೊಬ್ಬರು ಕಟ್ಟುತ್ತಾರೆ. ಸೊಸೆಯನ್ನು ಬಚ್ಚಿಟ್ಟರೆ ಇನ್ನೊಬ್ಬಳನ್ನು ಎಳೆದು ತರುತ್ತಾರೆ. ಕಡ್ಡಿ ಜೋಡಿಸುತ್ತಾ ಜೋಡಿಸುತ್ತಾ ಅವಳೊಳಗೆ ಒಂದು ಸಿಟ್ಟು ಏಳತೊಡಗಿತು. ಎಂದಿನ ಸೊಸೆಯ ಮೇಲಿನ ಸಿಟ್ಟಲ್ಲ. ಆ ಸಿಟ್ಟಿಗೆ ಶಬ್ದವಿರುತ್ತದೆ. ಇದಕ್ಕೆ ಶಬ್ದವೇ ಇರಲಿಲ್ಲ. ಅದು ಮೊದಲ ಕಟ್ಟಿನಲ್ಲಿ ಕೈಗೆ ಬಂತು, ಎರಡನೆಯ ಕಟ್ಟಿನಲ್ಲಿ ಎದೆಗೆ ಬಂತು, ಮೂರನೆಯ ಕಟ್ಟಿನಲ್ಲಿ ಕಣ್ಣಿಗೆ ಬಂತು. ಆ ವರ್ಷ ಅವಳು ತಾಯಿಯ ಹೆಸರು ಹೇಳದೆ ಕಟ್ಟಿದಳು. ತಂಗಿಯ ಹೆಸರು ಹೇಳಿ ಕಟ್ಟಿದಳು.

ಗುಡಿಸುವ ದಿನ ಬಂತು. ಬೆಳಗಿನ ಬಿಸಿಲಿಗೆ ಊರೆಲ್ಲ ಕಣಜದ ಮುಂದೆ ಸೇರಿತು. ಸೊಸೆ ಹೊಸ ಸೀರೆಯುಟ್ಟು, ತಲೆಗೆ ಎಣ್ಣೆ ಹಚ್ಚಿ, ಮದುವಣಗಿತ್ತಿಯ ಹಾಗೆ ನಿಂತಿದ್ದಳು. ಹಾಗೆ ನಿಲ್ಲಿಸಿದ್ದರು. ಮೂಡಗಾಳಿ ಬೀಸುತ್ತಿತ್ತು. ಯಜಮಾನನೂ ಅಯ್ಯನೂ ಕಟ್ಟೆಯ ಮೇಲೆ ಗಾಳಿಗೆ ಬೆನ್ನು ಕೊಟ್ಟು ಕೂತಿದ್ದರು. ಬೆಳಕಿಂಡಿಯಿಂದ ಏನೇ ಬಂದರೂ ಪಡುವಣಕ್ಕೆ ಹೋಗುತ್ತದೆ, ಅವರ ಕಡೆಗೆ ಬರುವುದಿಲ್ಲ. ಹತ್ತೊಂಬತ್ತು ವರ್ಷ ಕಣ್ಣೆದುರಿಗಿದ್ದ ಕಟ್ಟೆ ಅಲ್ಲೇಕಿದೆ ಎಂಬುದು ಮುದುಕಿಗೆ ಆ ದಿನ ತಿಳಿಯಿತು.

ಬೀಗ ತೆಗೆದರು. ಬಾಗಿಲು ನರಳಿತು. ಒಳಗಿನ ಕತ್ತಲಿಂದ ಉಚ್ಚೆಯ ಘಾಟು ಬಂತು, ಒಂದೆರಡು ಸರಸರ ಕೇಳಿತು. ಪದ್ಧತಿಯಂತೆ ಮುದುಕಿ ಹೊಸ್ತಿಲ ಮೇಲೆ ನಿಂತಳು. ಪದ್ಧತಿಯಂತೆ ಪೊರಕೆಯನ್ನು ಎರಡೂ ಕೈಯಲ್ಲಿ ಹಿಡಿದಳು. "ತಾಯಿಯ ಉಸಿರು ತಗೊಳ್ತೀಯಾ?" ಎಂದು ಗುಡಿಸುವವಳನ್ನು ಕೇಳಬೇಕು, "ತಗೊಂಡೆ" ಎಂದು ಅವಳು ಹೇಳಬೇಕು. ಮುದುಕಿ ಸೊಸೆಯ ಕಡೆ ತಿರುಗಲಿಲ್ಲ. ಕಟ್ಟೆಯ ಕಡೆ ತಿರುಗಿದಳು.

"ಅಯ್ನೋರೆ, ತಾಯಿಯ ಉಸಿರು ತಗೊಳ್ತೀರಾ?"

ಜನರಲ್ಲಿ ಗುಜುಗುಜು ಎದ್ದಿತು.

"ಇಷ್ಟು ವರ್ಷ ದೂರದಿಂದ ನೋಡಿದ್ರಿ. ನಿಮ್ಮಪ್ಪನೂ ದೂರದಿಂದ ನೋಡಿದ್ರು. ನಮ್ಮಂಥ ಅಂಚಿನ ಮನೆಯೋರಿಗೆ ಹತ್ತಿರದಿಂದ ಸಿಕ್ತು. ಇದು ನ್ಯಾಯ ಅಲ್ಲ. ಮೊದಲ ಪ್ರಸಾದ ಅಯ್ನೋರಿಗೆ. ಒಂದೇ ಒಂದು ಸಲ, ಹೊಸ್ತಿಲ ಮೇಲೆ ನಿಂತು ಗುಡಿಸಿ. ಆಮೇಲೆ ನನ್ನ ಸೊಸೆ ಒಳಗೆ ಹೋಗ್ತಾಳೆ."

ಅದರಲ್ಲಿ ತಪ್ಪು ಹುಡುಕಲು ಯಾರಿಗೂ ಆಗಲಿಲ್ಲ. ಆ ಊರಿನವರು ನಂಬಿದವರು. ನಂಬಿದವರಿಗೆ ಅದು ಸರಿಯಾಗಿಯೇ ಕಂಡಿತು.

"ಹೌದಲ್ಲ, ನಮಗೆ ಹೊಳೀಲೇ ಇಲ್ಲ ನೋಡು," ಎಂದ ಒಬ್ಬ ಗಾಣದವನು. "ಏಳಿ ಅಯ್ನೋರೆ, ಕೈ ಕೊಡಿ."

"ಪುಣ್ಯವಂತ್ರು," ಎಂದಳು ಇನ್ನೊಬ್ಬಳು, ನಿಜವಾಗಿ ಕಣ್ಣೊರೆಸಿಕೊಳ್ಳುತ್ತಾ.

"ಇವತ್ತು ಉಪವಾಸ ನಂದು," ಎಂದ ಅಯ್ಯ.

"ಒಳ್ಳೇದೇ ಆಯ್ತಲ್ಲ, ಮಡಿಯಾಗಿದ್ದೀರಿ."

"ಸೊಂಟ ಹಿಡಿದದೆ ಕಣಪ್ಪ, ಬಗ್ಗಕ್ಕಾಗಲ್ಲ."

"ನಾನು ಹಿಡ್ಕೊಂತೀನಿ ಬನ್ನಿ."

ಭಕ್ತಿಯಿಂದಲೇ ಗಾಣದವನೂ ಇನ್ನೊಬ್ಬನೂ ಅವನ ತೋಳಿಗೆ ಕೈಹಾಕಿ ಇಳಿಸಿದರು. ಭಕ್ತಿಯಿಂದಲೇ ಜನ ದಾರಿ ಬಿಟ್ಟರು. ಹೊಸ್ತಿಲು ಹತ್ತು ಹೆಜ್ಜೆ ಇದ್ದಾಗ ಅಯ್ಯನ ನಡಿಗೆ ನಿಧಾನವಾಯಿತು. ಐದು ಹೆಜ್ಜೆ ಇದ್ದಾಗ ಕಾಲು ನೆಲಕ್ಕೆ ಕಚ್ಚಿಕೊಂಡವು. ಮೂರು ಹೆಜ್ಜೆ ಇದ್ದಾಗ ಅವನ ಮುಖ ನೋಡಿದ ಮುದುಕಿಗೆ ಎಲ್ಲವೂ ಗೊತ್ತಾಗಿಹೋಯಿತು. ಅದು ದೇವರಿಗೆ ಹೆದರಿದವನ ಮುಖವಲ್ಲ. ಬಾವಿಯ ಅಂಚಿಗೆ ತಳ್ಳಿಸಿಕೊಂಡವನ ಮುಖ.

ಆಗ ಅವಳ ಸಿಟ್ಟು ಕಣ್ಣಿಂದ ಮತ್ತೆ ಕೈಗೆ ಇಳಿಯಿತು. ಬಗ್ಗಿ, ಬಾಗಿಲೊಳಗಿನ ಒಣ ನೆಲಕ್ಕೆ ಪೊರಕೆ ಊರಿ, ಅವನ ಕಡೆಗೆ ಒಂದೇ ಒಂದು ಸಲ ಬೀಸಿ ಗುಡಿಸಿದಳು. ಬೂದುಬಣ್ಣದ ಮೋಡದ ಹಾಗೆ ಧೂಳು ಎದ್ದಿತು.

ಅಯ್ಯ ಹೆಗಲ ಮೇಲಿದ್ದ ಶಲ್ಯ ಎಳೆದು ಮೂಗು ಬಾಯಿ ಮುಚ್ಚಿಕೊಂಡು ಹಿಂದಕ್ಕೆ ನೆಗೆದ. ಹಿಡಿದಿದ್ದವರಿಬ್ಬರನ್ನೂ ತಳ್ಳಿ, ಮೂಡಗಾಳಿಯ ಕಡೆಗೆ, ಕಟ್ಟೆಯ ಕಡೆಗೆ ಓಡಿದ. ಸೊಂಟ ಹಿಡಿದವನು ಅಷ್ಟು ಓಡುವುದನ್ನು ಊರು ಎಂದೂ ಕಂಡಿರಲಿಲ್ಲ. ಕಟ್ಟೆಯ ಮೇಲೆ ಯಜಮಾನನೂ ಪಂಚೆಯ ತುದಿಯನ್ನು ಮೂಗಿಗೆ ಒತ್ತಿಕೊಂಡಿದ್ದ.

ಗಾಣದವನು ಬಿದ್ದಲ್ಲಿಂದ ಎದ್ದು ಮಣ್ಣು ಕೊಡವಿಕೊಂಡ. ಅವನೇ ಕೇಳಿದ, ಏನೂ ಅರಿಯದವನ ಹಾಗೆ.

"ಅಯ್ನೋರೆ, ಮೂಗು ಯಾಕೆ ಮುಚ್ಕೊಂಡ್ರಿ?"

ಅಯ್ಯ ಶಲ್ಯ ತೆಗೆಯಲಿಲ್ಲ.

"ಪ್ರಸಾದ ಕೊಟ್ರೆ ಯಾರಾದ್ರೂ ಮೂಗು ಮುಚ್ಕೊಂಡು ಓಡ್ತಾರಾ? ಹೇಳಿ ಅಯ್ನೋರೆ."

"ಹತ್ತಿರ ಹೋಗಬಾರದು ಅಂತ ನಮ್ಮಪ್ಪ ಹೇಳಿದ್ರು," ಎಂದ ಅಯ್ಯ ಬಟ್ಟೆಯೊಳಗಿಂದ. ಹೇಳಿದ ಮೇಲೆ, ಏನು ಹೇಳಿದೆ ಎಂಬುದು ಅವನಿಗೇ ಕೇಳಿಸಿತು.

ಆ ಮಾತು ಜನರ ಮೇಲೆ ನಿಧಾನವಾಗಿ ಇಳಿಯಿತು. ಅಪ್ಪನಿಗೂ ಗೊತ್ತಿತ್ತು. ಅಪ್ಪ ಮಗನಿಗೆ ಧೂಳು ನೋಡುವ ವಿದ್ಯೆ ಕೊಡುವಾಗ ಇದನ್ನೂ ಕೊಟ್ಟಿದ್ದ. ನೋಡು, ಹೇಳು, ಹತ್ತಿರ ಹೋಗಬೇಡ. ಎಂಟು ಕಲ್ಲಿನ ಮನೆಯವರು ಆ ಗುಂಪಿನಲ್ಲಿದ್ದರು. ಎಂಟು ಮನೆಗಳವರೂ ತಮ್ಮ ಸತ್ತವಳ ಮೈಲಿಗೆ ಏನಿದ್ದೀತು ಎಂದು ವರ್ಷಗಟ್ಟಲೆ ಹುಡುಕಿ ಹುಡುಕಿ ತಮ್ಮನ್ನೇ ತಿಂದುಕೊಂಡಿದ್ದರು. ಅವರಲ್ಲೊಬ್ಬಳು ತಾಯಿ, ಮಗಳು ಗುಡಿಸುವ ಹಿಂದಿನ ದಿನ ಸುಳ್ಳು ಹೇಳಿದ್ದಳೆಂದು, ಅದಕ್ಕೇ ಸತ್ತಳೆಂದು ನಂಬಿ, ಆಮೇಲೆ ಅವಳ ಹೆಸರನ್ನೇ ಬಾಯಿಗೆ ತಂದಿರಲಿಲ್ಲ. ಆ ತಾಯಿ ಈಗ ನಡೆದು ಕಟ್ಟೆಯ ಮುಂದೆ ಬಂದಳು. ಅಯ್ಯನ ಮೂಗಿನ ಮೇಲಿನ ಶಲ್ಯವನ್ನು ಎರಡು ಬೆರಳಲ್ಲಿ ಹಿಡಿದು ಕೆಳಗೆಳೆದಳು. ಅವನ ಮುಖವನ್ನು ಪೂರ್ತಿಯಾಗಿ ನೋಡಿದಳು. ಆಮೇಲೆ ಸೇದೋ ಬಾವಿಗೆ ಹೋದಳು.

ಅವಳ ಹಿಂದೆ ಸೊಸೆ ಹೋದಳು. ಸೊಸೆಯ ಹಿಂದೆ ಹೆಂಗಸರೆಲ್ಲ ಹೋದರು.

"ಒಲೆ ಆರಿಸ್ತೀವಿ!" ಎಂದು ಯಜಮಾನ ಕೂಗಿದ.

"ಆರಿಸಿ," ಎಂದಳು ಒಬ್ಬಳು, ಕೊಡ ಸೊಂಟಕ್ಕಿಟ್ಟುಕೊಂಡು ಹಾದುಹೋಗುತ್ತಾ. "ನಿಮ್ಮನೆ ಒಲೆ ಹಚ್ಚೋರೂ ನಾವೇ."

ಬಾಗಿಲು ಹಾರುಹೊಡೆದು ದೂರ ನಿಂತರು. ಬಿಸಿಲು ಒಳಗೆ ಹೋಗುವಷ್ಟು ಹೋಗಲಿ, ಗಾಳಿ ಆಡುವಷ್ಟು ಆಡಲಿ ಎಂದು ಮಧ್ಯಾಹ್ನದವರೆಗೆ ಕಾದರು. ಆಮೇಲೆ ಒದ್ದೆ ಸೆರಗನ್ನು ಮೂಗಿಗೆ ಕಟ್ಟಿಕೊಂಡು, ಹೊಸ್ತಿಲಿನಿಂದಲೇ ಸೀಗೆ ಕದಡಿದ ನೀರು ಚಿಮುಕಿಸುತ್ತಾ ಚಿಮುಕಿಸುತ್ತಾ, ನೆಂದಷ್ಟೇ ನೆಲದ ಮೇಲೆ ಹೆಜ್ಜೆಯಿಡುತ್ತಾ ಒಳಗೆ ಹೋದರು. ಸೊಸೆ ಎಲ್ಲರಿಗಿಂತ ಮುಂದೆ. ಒದ್ದೆಯಾದ ಹಿಕ್ಕೆಯನ್ನು ಬಳಿದು ಆಳದ ಗುಂಡಿಗೆ ಹಾಕಿ ಮುಚ್ಚಿದರು. ಕಲ್ಲಿನ ಸಂದಿಗಳಿಗೆ ಗಾರೆ ಮೆತ್ತಿದರು. ಬೆಳಕಿಂಡಿಯಿಂದ ಏನೂ ಬರಲಿಲ್ಲ. ಆಕಾಶ ಸುಮ್ಮನೆ ನೀಲಿಯಾಗಿತ್ತು.

ಸೊಸೆ ದಿನ ಎಣಿಸತೊಡಗಿದಳು. ಹತ್ತು ದಿನ. ಹದಿನೈದು ದಿನ. ಪ್ರತಿ ಬೆಳಗ್ಗೆ ತನ್ನ ಹಣೆ ತಾನೇ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ತಣ್ಣಗಿರುತ್ತಿತ್ತು. ಹದಿನೆಂಟನೆಯ ಬೆಳಗ್ಗೆ ಮುದುಕಿ ಹಾಸಿಗೆಯಿಂದ ಏಳಲಿಲ್ಲ. ಸೊಸೆ ಅವಳ ಹಣೆ ಮುಟ್ಟಿದಳು. ಕೆಂಡವಾಗಿತ್ತು.

ಸುದ್ದಿ ಊರಿಗೆ ಹಬ್ಬುವಷ್ಟರಲ್ಲಿ ಅಯ್ಯನ ಶಲ್ಯ ಮತ್ತೆ ಹೆಗಲೇರಿತ್ತು. "ನೋಡಿದ್ರಾ? ಒಳಗೆ ಹೋದೋರು ಯಾರಿಗೂ ಏನೂ ಆಗಲಿಲ್ಲ. ನೀರಿನ ಮಾತೆತ್ತಿದೋಳಿಗೇ ಬಂತು. ತಾಯಿ ಯಾರನ್ನ ಹುಡುಕ್ಕೊಂಡು ಬಂದಿದ್ದಾಳೆ ನೋಡಿ." ಎದುರು ನಿಂತವರಲ್ಲಿ ಅರ್ಧ ಜನ ನೆಲ ನೋಡಿದರು. ಭಯ ಅಷ್ಟು ಬೇಗ ಮನೆ ಬಿಡುವುದಿಲ್ಲ. ಮೂರನೆಯ ದಿನದ ಹೊತ್ತಿಗೆ ಮುದುಕಿಯ ಅಂಗಳದಲ್ಲಿ ಜನ ಸೇರಿದ್ದರು. ಹೊಸ ಕಾಳು ಒದ್ದೆ ಮಾಡಿದ ಮನೆಗೆ ಹಾಕಬೇಕೋ ಬೇಡವೋ ಎಂದು ಕೇಳಿಕೊಂಡು.

ಸೊಸೆ ಬಾಗಿಲಲ್ಲಿ ಅಡ್ಡ ನಿಂತಳು. "ಸಾಯೋಳ ಮುಂದೆ ಪಂಚಾಯ್ತಿನಾ? ಹೋಗ್ರಿ ಆಚೆಗೆ!"

ಒಳಗಿಂದ ಮುದುಕಿ ಕೈ ಆಡಿಸಿದಳು. ಅವಳನ್ನು ಎತ್ತಿ ಬಾಗಿಲಿಗೆ ಒರಗಿಸಿ ಕೂರಿಸಿದರು. ತುಟಿ ನೀಲಿಯಾಗಿತ್ತು. ಒಂದು ಮಾತಿಗೆ ಎರಡು ಉಸಿರು ಬೇಕಾಗಿತ್ತು.

"ತಾಯಿ ಅಲ್ಲ," ಎಂದಳು. "ಸುಳ್ಳು ಹೇಳಬೇಡಿ. ತಾಯಿ ಅಲ್ಲ."

ಉಸಿರು ಕೂಡಿಸಿಕೊಂಡಳು.

"ನಾನು ಒಂದು ಸಲ ಒಣಗೇ ಗುಡಿಸ್ದೆ. ಎಲ್ಲರೂ ನೋಡಿದ್ರಿ. ಗಾಳಿ ಮೂಡಲಿಂದ ಬೀಸ್ತಿತ್ತು. ಅಯ್ನೋರ ಕಡೆ ಎರಚಿದ್ದು ನನ್ನ ಮುಖಕ್ಕೇ ಬಂತು. ಅಷ್ಟೇ. ಧೂಳಿಗೆ ಯಾರು ಸರಿ, ಯಾರು ತಪ್ಪು ಗೊತ್ತಿಲ್ಲ. ಮೂಗಿದ್ರೆ ಹೋಗ್ತದೆ."

"ಒದ್ದೆ ಮಾಡಿ ಗುಡಿಸಿದೋಳು ಅಗೋ ನಿಂತವಳೆ, ಗೂಳಿ ಹಾಗೆ ಗುಟುರು ಹಾಕ್ಕೊಂಡು," ಎಂದು ಸೊಸೆಯ ಕಡೆ ಬೆರಳು ತೋರಿಸಿದಳು. "ಒಣಗೆ ಗುಡಿಸಿದೋಳು ಇಲ್ಲಿದೀನಿ. ಇದಕ್ಕಿಂತ ಇನ್ನೇನು ಹೇಳ್ಲಿ? ನನ್ನ ಸಾವಿಗೆ ಹೊಸ ಕತೆ ಕಟ್ಟಬೇಡಿ. ಶಿಕ್ಷೆ ಅನ್ಬೇಡಿ. ತ್ಯಾಗ ಅಂತಾನೂ ಅನ್ಬೇಡಿ."

ಜನ ಒಬ್ಬೊಬ್ಬರಾಗಿ ಎದ್ದು ಹೋದರು. ಅಯ್ಯ ಬೇಲಿಯಾಚೆ ನಿಂತಿದ್ದ. ಅವನ ಪಕ್ಕದಲ್ಲಿ ಹಾದುಹೋದವರು ಯಾರೂ ಅವನಿಗೆ ಕೈಮುಗಿಯಲಿಲ್ಲ. ಬಯ್ಯಲೂ ಇಲ್ಲ. ಅಲ್ಲಿ ಯಾರೂ ಇಲ್ಲದ ಹಾಗೆ ನಡೆದರು.

ಎಲ್ಲ ಹೋದ ಮೇಲೆ ಸೊಸೆ ಅತ್ತೆಯ ಬೆನ್ನಿಗೆ ತನ್ನ ಎದೆ ಕೊಟ್ಟು ಕೂತಳು, ಕೂತರೆ ಉಸಿರು ಸ್ವಲ್ಪ ಆಡುತ್ತಿತ್ತು.

"ಯಾಕೆ ಗುಡಿಸ್ದೆ ಅತ್ತೆ? ಪೊರಕೆ ಹಿಡ್ಕೊಂಡು ಸುಮ್ನೆ ನಿಂತಿದ್ರೂ ಅವನು ಓಡ್ತಿದ್ದ."

"ಸಿಟ್ಟು ಬಂತು ಕಣೆ."

"ನಿಂಗೆ ಯಾವತ್ತು ಬಂದಿಲ್ಲ ಸಿಟ್ಟು? ಉಪ್ಪು ಕಮ್ಮಿಯಾದ್ರೆ ಬರ್ತದೆ, ಉಪ್ಪು ಹೆಚ್ಚಾದ್ರೆ ಬರ್ತದೆ."

"ಬರಬೇಕಾದ ಕಡೆ ಹತ್ತೊಂಬತ್ತು ವರ್ಷ ಬರಲಿಲ್ಲ," ಎಂದಳು ಮುದುಕಿ. "ಅದೇ ತಪ್ಪಾಗಿದ್ದು."

ಮಾರನೆಯ ಮಧ್ಯಾಹ್ನ ಅವಳು ಹೋದಳು.

ಹೊಸ ಕಾಳು ಬಂತು. ನೆಲ ಒಣಗಿ ಹಪ್ಪಳವಾಗಿತ್ತು, ಕಣಜಕ್ಕೆ ಹಾಕಿದರು. ಒಂದು ಕಾಳೂ ಮೊಳಕೆಯೊಡೆಯಲಿಲ್ಲ. ವರ್ಷ ತುಂಬಿ ಮತ್ತೆ ಗುಡಿಸುವ ದಿನ ಬಂದಾಗ ಯಾರೂ ಮೊರ ಇಡಲಿಲ್ಲ. ಮನೆಗೊಬ್ಬರಂತೆ ಬಂದರು, ಗಂಡಸರೂ ಬಂದರು, ಕಲ್ಲುಜಗುಲಿಯ ಮನೆಯವರನ್ನೂ ಕರೆದುಕೊಂಡು ಬಂದರು. ನೀರು ಚಿಮುಕಿಸಿ, ನೆನೆಸಿ, ಗುಡಿಸಿದರು. ಎಲ್ಲರೂ ಮನೆಗೆ ಹೋಗಿ ಉಂಡರು. ಮೂರು ವಾರ ಕಳೆದ ಮೇಲೂ ಎಲ್ಲರೂ ಉಣ್ಣುತ್ತಿದ್ದರು.

ಆದರೆ ಊರಿಗೆ ಒಂದು ಚಿಂತೆ ಉಳಿದಿತ್ತು. ಧೂಳು ಏಳಲಿಲ್ಲ, ಯಾರೂ ನೋಡಿ ಹೇಳಲಿಲ್ಲ. ಒಂದು ಸಂಜೆ ಗಾಣದವನನ್ನು ಮುಂದೆ ಮಾಡಿಕೊಂಡು ಹತ್ತಾರು ಜನ ಸೊಸೆಯ ಅಂಗಳಕ್ಕೆ ಬಂದರು. ಅವಳು ಬಿತ್ತನೆಯ ನವಣೆ ಕೇರುತ್ತಿದ್ದಳು. ತಲೆಯೆತ್ತಲಿಲ್ಲ.

"ತಂಗೀ," ಎಂದ ಗಾಣದವನು, ತಲೆ ಕೆರೆದುಕೊಳ್ಳುತ್ತಾ, "ಉಸಿರಂತೂ ಇನ್ನು ನೋಡೋಹಾಗಿಲ್ಲ. ಈ ವರ್ಷ ಬೆಳೆ ಹೆಂಗಾಗ್ತದೆ ಅಂತ ನಾವು ತಿಳಿಯೋದು ಹೆಂಗೆ?"

ಸೊಸೆ ಮೊರವನ್ನು ಒಂದು ಸಲ ಎತ್ತಿ ಕೇರಿದಳು. ಜಳ್ಳು ಹಾರಿತು, ಕಾಳು ಉಳಿಯಿತು.

"ಬಿತ್ತಿ ನೋಡ್ರಿ," ಎಂದಳು.